ಕಾಯಿಪಲ್ಯದ ಆಯುಷ್ಯ

ಬೆಳಗಿನ ಸಂತೆಯಿಂದ ತಂದ ಮೆಂತ್ಯದ ಸೊಪ್ಪು ಮಧ್ಯಾಹ್ನದ ವೇಳೆಗೇ ತಲೆಬಾಗಿಸುತ್ತದೆ. ಅದರೊಡನೆಯೇ ತಂದ ಹುರುಳಿಕಾಯಿ ಎರಡು ಮೂರು ದಿನ ತಡೆಯುತ್ತದೆ. ಕರಾವಳಿಯ ಮನೆಗಳಲ್ಲಿ ಬಾಳೆನಾರಿನಿಂದ ಕಟ್ಟಿ ಮಾಡಿನ ಜಂತಿಗೆ ತೂಗಹಾಕಿದ ಸೌತೆಕಾಯಿ ಬೇಸಗೆಯಲ್ಲಿ ಬೆಳೆದುದಾದರೂ ಮಳೆಗಾಲದ ಅಡಿಗೆಗೆ ಒದಗುತ್ತದೆ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿಯಂತೂ ವರ್ಷ ಕಳೆದರೂ ಕೆಡುವುದಿಲ್ಲ. ಇವೆಲ್ಲವೂ ಗಿಡಬಳ್ಳಿಗಳಿಂದಲೇ ಬಂದವು. ಎಲ್ಲಕ್ಕೂ ತಾಗುವುದು ಒಂದೇ ಮನೆಯ ಗಾಳಿ. ಹೀಗಿದ್ದೂ ಒಂದರ ಬಾಳು ಗಂಟೆಗಳ ಲೆಕ್ಕ, ಮತ್ತೊಂದರದು ತಿಂಗಳುಗಳ ಲೆಕ್ಕ. ಇದಕ್ಕೆ ಕಾರಣವೇನು?

ಕಾರಣವನ್ನು ಹುಡುಕಿಕೊಂಡು ಹೊರಟರೆ ನಾವು ಮತ್ತೆ ಮತ್ತೆ ಬಂದು ನಿಲ್ಲುವುದು ನೀರಿನ ಬಳಿಯಲ್ಲಿ. ಸೌತೆಕಾಯಿಯ ತೂಕದಲ್ಲಿ ಶೇಕಡ 95ರಷ್ಟು ನೀರೇ. ಟೊಮೇಟೋ ಹಣ್ಣಿನಲ್ಲಿ ಸುಮಾರು 94, ಸೊಪ್ಪುಗಳಲ್ಲಿ 90ರ ಆಸುಪಾಸು. ಗಟ್ಟಿಯಾಗಿ ತೋರುವ ಆಲೂಗೆಡ್ಡೆಯಲ್ಲಿ ಕೂಡ 80ರಷ್ಟು ನೀರಿದೆ. ತರಕಾರಿಯನ್ನು ಕಾಪಾಡುವ ಕಲೆಯೆಂದರೆ ಬಹುಮಟ್ಟಿಗೆ ಈ ನೀರನ್ನು ಆಳುವ ಕಲೆ. ಅದಕ್ಕೆ ಮುಖ್ಯವಾದ ಮಾರ್ಗಗಳು ಎರಡು. ನೀರನ್ನು ಒಳಗೇ ಹಿಡಿದಿಟ್ಟು ತರಕಾರಿಯನ್ನು ಜೀವಂತವಾಗಿ ಉಳಿಸುವುದು ಮೊದಲನೆಯದು. ನೀರನ್ನು ಹೊರತೆಗೆದು, ಅಥವಾ ಇದ್ದರೂ ಸೂಕ್ಷ್ಮಜೀವಿಗಳಿಗೆ ದಕ್ಕದಂತೆ ಕಟ್ಟಿಹಾಕಿ ಇಡುವುದು ಎರಡನೆಯದು. ಇವೆರಡರ ನಡುವಣ ಸ್ಥಿತಿ, ಎಂದರೆ ಅರೆಬಾಡಿದ, ಅರೆಒಣಗಿದ, ಮೈಮೇಲೆ ಪಸೆಯುಳ್ಳ ಸ್ಥಿತಿ, ಕೊಳೆಯುವಿಕೆಯ ರಾಜ್ಯ. ಮನೆಗಳಲ್ಲಿ ಹಾಳಾಗುವ ತರಕಾರಿಯಲ್ಲಿ ಬಹುಪಾಲು ಹಾಳಾಗುವುದು ಈ ನಡುದಾರಿಯಲ್ಲಿಯೇ.

ಕಿತ್ತ ಮೇಲೂ ಉಸಿರು

ಗಿಡದಿಂದ ಬೇರ್ಪಟ್ಟ ಕೂಡಲೇ ತರಕಾರಿ ಸತ್ತಿತೆಂದು ನಾವು ಭಾವಿಸುವುದು ತಪ್ಪು. ಅದರ ಜೀವಕೋಶಗಳು ಇನ್ನೂ ಉಸಿರಾಡುತ್ತಿರುತ್ತವೆ. ಗಿಡದಲ್ಲಿದ್ದಾಗ ಬೇರು ನೀರನ್ನೂ ಎಲೆ ಸಕ್ಕರೆಯನ್ನೂ ಒದಗಿಸುತ್ತಿದ್ದುವು. ಈಗ ಆಯ ನಿಂತಿತು, ವ್ಯಯ ಮಾತ್ರ ಉಳಿಯಿತು. ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕದೊಡನೆ ಸೇರಿಸಿ, ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಉಷ್ಣವನ್ನೂ ಹೊರಬಿಡುವುದೇ ಈ ಉಸಿರಾಟ. ಲೆಕ್ಕದಲ್ಲಿ ಹೇಳುವುದಾದರೆ, 180 ಗ್ರಾಂ ಗ್ಲೂಕೋಸ್ 192 ಗ್ರಾಂ ಆಮ್ಲಜನಕವನ್ನು ಬಳಸಿಕೊಂಡು 264 ಗ್ರಾಂ ಇಂಗಾಲದ ಡೈಆಕ್ಸೈಡ್ ಹಾಗೂ 108 ಗ್ರಾಂ ನೀರಾಗಿ ಮಾರ್ಪಡುತ್ತದೆ. ಜೊತೆಗೆ ಸುಮಾರು 670 ಕಿಲೋಕ್ಯಾಲೊರಿ ಶಕ್ತಿ ಬಿಡುಗಡೆಯಾಗುತ್ತದೆ. ಒತ್ತಾಗಿ ಕಟ್ಟಿದ ಸೊಪ್ಪಿನ ಹೊರೆಯ ನಡುವೆ ಕೈಯಿಟ್ಟರೆ ಬೆಚ್ಚಗಿರುವುದು ಈ ಕಾರಣದಿಂದಲೇ.

ಎಲ್ಲ ತರಕಾರಿಗಳೂ ಒಂದೇ ವೇಗದಲ್ಲಿ ಉಸಿರಾಡುವುದಿಲ್ಲ. ಎಳೆಯ ಬಟಾಣಿ, ಬೆಂಡೆ, ಸೊಪ್ಪು ಇವು ಬೆಳೆಯುವ ಭರದಲ್ಲಿದ್ದಾಗಲೇ ಕೊಯ್ಯಲ್ಪಟ್ಟವು; ಇವುಗಳ ಉಸಿರು ಬಿರುಸು. ಈರುಳ್ಳಿ, ಆಲೂಗೆಡ್ಡೆಗಳಾದರೋ ಮುಂದಿನ ಋತುವಿಗಾಗಿ ನಿದ್ರಿಸಲು ಸಿದ್ಧವಾದ ಅಂಗಗಳು. ಇವುಗಳ ಉಸಿರು ಮಂದ. ಉಸಿರು ಬಿರುಸಾದಷ್ಟೂ ಆಯುಷ್ಯ ಕಡಿಮೆ ಎಂಬುದು ಸ್ಥೂಲವಾಗಿ ಸರಿಯಾದ ನಿಯಮ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟದ ವೇಗ ಸಾಮಾನ್ಯವಾಗಿ ಎರಡರಿಂದ ಮೂರು ಪಟ್ಟು ಹೆಚ್ಚುತ್ತದೆ. ಆದುದರಿಂದ 30 ಡಿಗ್ರಿಯಲ್ಲಿರುವ ತರಕಾರಿಯನ್ನು 10 ಡಿಗ್ರಿಗೆ ಇಳಿಸಿದರೆ ಅದರ ವ್ಯಯವು ನಾಲ್ಕರಿಂದ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ತಂಪಿನ ಮಹಿಮೆ ಇಷ್ಟರಿಂದಲೇ ಗೊತ್ತಾಗುತ್ತದೆ.

ಬಾಡುವಿಕೆಯ ಲೆಕ್ಕ

ಆದರೆ ಮನೆಯಲ್ಲಿ ನಮ್ಮ ಕಣ್ಣಿಗೆ ಮೊದಲು ಬೀಳುವುದು ಸಕ್ಕರೆಯ ನಷ್ಟವಲ್ಲ, ನೀರಿನ ನಷ್ಟ. ತಾಜಾ ಎಲೆಯ ಪ್ರತಿಯೊಂದು ಜೀವಕೋಶವೂ ಗಾಳಿ ತುಂಬಿದ ಚೆಂಡಿನಂತೆ ನೀರಿನಿಂದ ಬಿಗಿದುಕೊಂಡಿರುತ್ತದೆ. ಈ ಒಳ ಒತ್ತಡವು ಹಲವು ವಾಯುಭಾರಗಳಷ್ಟು ಇರಬಲ್ಲದು. ಮೋಟಾರು ಕಾರಿನ ಚಕ್ರದಲ್ಲಿ ತುಂಬುವ ಗಾಳಿಯ ಒತ್ತಡ ಎರಡು ವಾಯುಭಾರದಷ್ಟು ಮಾತ್ರ ಎಂಬುದನ್ನು ನೆನೆದರೆ ಇದರ ಪ್ರಮಾಣ ಮನವರಿಕೆಯಾದೀತು. ಹುರುಳಿಕಾಯಿಯನ್ನು ಮುರಿದಾಗ ಕೇಳುವ 'ಟಕ್' ಎಂಬ ಸದ್ದು ಈ ಬಿಗಿತದ ಫಲ. ತೂಕದ ಶೇಕಡ 5ರಷ್ಟು ನೀರು ಹೋದರೆ ಸಾಕು, ಅನೇಕ ಸೊಪ್ಪುಗಳು ಬಾಡಿದಂತೆ ತೋರುತ್ತವೆ.

ನೀರು ಹೋಗುವುದೇಕೆ? ಎಲೆಯ ಒಳಗಣ ಅವಕಾಶಗಳಲ್ಲಿರುವ ಗಾಳಿ ನೀರಾವಿಯಿಂದ ಪೂರ್ತಿಯಾಗಿ ತುಂಬಿರುತ್ತದೆ. ಹೊರಗಿನ ಗಾಳಿಯಲ್ಲಿ ಆವಿ ಅಷ್ಟಿಲ್ಲ. ಎತ್ತರದಿಂದ ತಗ್ಗಿಗೆ ನೀರು ಹರಿಯುವಂತೆ, ಆವಿಯ ಒತ್ತಡ ಹೆಚ್ಚಿರುವೆಡೆಯಿಂದ ಕಡಿಮೆಯಿರುವೆಡೆಗೆ ಆವಿ ಹರಿಯುತ್ತದೆ. ಈ ಎರಡು ಒತ್ತಡಗಳ ಅಂತರವೇ ಬಾಡುವಿಕೆಯನ್ನು ನಡೆಸುವ ಬಲ.

ವಾಚಕರು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ನೀರಿನ ಪರ್ಯಾಪ್ತ ಆವಿಯೊತ್ತಡ 30 ಡಿಗ್ರಿಯಲ್ಲಿ 31.8 ಮಿಲಿಮೀಟರ್ ಪಾದರಸ. 5 ಡಿಗ್ರಿಯಲ್ಲಿ ಕೇವಲ 6.5 ಮಿಲಿಮೀಟರ್. ಕೋಣೆಯ ಉಷ್ಣತೆ 30 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 50 ಆಗಿದ್ದರೆ, ಎಲೆಯ ಒಳಗೆ 31.8, ಹೊರಗೆ 15.9, ಅಂತರವು 15.9 ಮಿಲಿಮೀಟರ್. ಅದೇ ಎಲೆಯನ್ನು 5 ಡಿಗ್ರಿಯಲ್ಲಿ, ಶೇಕಡ 90 ಆರ್ದ್ರತೆಯಿರುವ ಪೆಟ್ಟಿಗೆಯೊಳಗೆ ಇಟ್ಟರೆ ಅಂತರವು ಕೇವಲ 0.65 ಮಿಲಿಮೀಟರ್. ಗಾಳಿಯ ಚಲನೆ ಮೊದಲಾದುವು ಒಂದೇ ಸಮನಾಗಿದ್ದರೆ ನೀರಿನ ನಷ್ಟವು ಸುಮಾರು 24ನೆಯ ಒಂದು ಪಾಲಿಗೆ ಇಳಿಯಿತು! ಇದು ಬರಿಯ ತಂಪಿನ ಸಾಧನೆಯಲ್ಲ, ಬರಿಯ ತೇವದ ಸಾಧನೆಯೂ ಅಲ್ಲ. ಎರಡೂ ಕೂಡಿ ನಡೆಸಿದ ಕೆಲಸ.

ಇನ್ನು ತರಕಾರಿಯ ಮೈಕಟ್ಟಿನ ಮಾತು. ತೆಳ್ಳಗಿನ ಎಲೆಗೆ ತೂಕ ಅಲ್ಪ, ಮೈಯ ವಿಸ್ತಾರ ಅಧಿಕ. ಮೇಲಾಗಿ ಪತ್ರರಂಧ್ರಗಳು ಅಸಂಖ್ಯ. ಗುಂಡಗಿನ ಕಾಯಿಗೆ ತೂಕಕ್ಕೆ ಹೋಲಿಸಿದರೆ ಮೈ ಚಿಕ್ಕದು. ಬೂದುಗುಂಬಳದ ಮೈಮೇಲಿನ ಬಿಳಿಯ ಬೂದಿ ನಿಜವಾಗಿ ಒಂದು ಬಗೆಯ ಮೇಣ. ಅದು ನೀರಾವಿಗೆ ಕಟ್ಟಿದ ಒಡ್ಡು. ಕುಂಬಳ ತಿಂಗಳುಗಟ್ಟಲೆ ಉಳಿಯುವುದೂ, ಮೆಂತ್ಯ ಅರ್ಧ ದಿನದಲ್ಲಿ ಸೊರಗುವುದೂ ಇದರಿಂದಲೇ. ಕರಾವಳಿಯ ಮನೆಗಳಲ್ಲಿ ಸೌತೆಕಾಯಿಯನ್ನು ನೆಲದ ಮೇಲೆ ರಾಶಿಹಾಕದೆ ಒಂದೊಂದಾಗಿ ತೂಗಹಾಕುವುದರಲ್ಲಿಯೂ ಅರ್ಥವಿದೆ. ಬಲಿತ ಕಾಯಿಯ ಗಟ್ಟಿ ಸಿಪ್ಪೆ ಒಳಗಿನ ನೀರನ್ನು ಕಾಯುತ್ತದೆ. ಸುತ್ತ ಸುಳಿಯುವ ಗಾಳಿ ಸಿಪ್ಪೆಯ ಮೇಲೆ ಪಸೆ ನಿಲ್ಲಗೊಡುವುದಿಲ್ಲ. ಒಂದು ಕಾಯಿ ಕೊಳೆತರೆ ಮತ್ತೊಂದಕ್ಕೆ ಸೋಂಕು ತಗಲುವುದಿಲ್ಲ. ಒಳಗೆ ನೀರು, ಹೊರಗೆ ಒಣ ಮೈ ಎಂಬ ಈ ಸೂತ್ರವನ್ನು ನೆನಪಿನಲ್ಲಿಡುವುದು ಒಳಿತು.

ಶೀತಕದ ಪೆಟ್ಟಿಗೆ ಸರ್ವೌಷಧಿಯಲ್ಲ

ತಂಪಿನಿಂದ ಇಷ್ಟು ಲಾಭವಿದ್ದರೆ ಎಲ್ಲವನ್ನೂ ರೆಫ್ರಿಜರೇಟರಿನಲ್ಲಿ ತುಂಬಿಬಿಡಬಹುದಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅದಕ್ಕೆ ಮೂರು ಅಡ್ಡಿಗಳುಂಟು.

ಮೊದಲನೆಯದಾಗಿ, ರೆಫ್ರಿಜರೇಟರಿನ ತೆರೆದ ಅಂಕಣದ ಗಾಳಿ ತಂಪಾದರೂ ಒಣಗಾಳಿ. ಒಳಗಿನ ಅತಿ ತಣ್ಣನೆಯ ಕೊಳವೆಗಳ ಮೇಲೆ ನೀರಾವಿ ಹನಿಯಾಗಿಯೋ ಹಿಮವಾಗಿಯೋ ಕುಳಿತುಬಿಡುತ್ತದೆ. ಆದುದರಿಂದಲೇ ತರಕಾರಿಗೆಂದು ಕೆಳಗೆ ಮುಚ್ಚಿದ ಪೆಟ್ಟಿಗೆಯನ್ನು ಇಟ್ಟಿರುತ್ತಾರೆ. ಸೊಪ್ಪನ್ನು ಒಣಬಟ್ಟೆಯಲ್ಲಿ ಸುತ್ತಿ, ಸಣ್ಣ ತೂತುಗಳಿರುವ ಚೀಲದಲ್ಲಿ ಹಾಕಿ ಅಲ್ಲಿಡಬೇಕು. ತೂತಿಲ್ಲದ ಚೀಲದಲ್ಲಿ ಬೆಚ್ಚಗಿನ ಸೊಪ್ಪನ್ನು ತುಂಬಿ ಒಮ್ಮೆಗೇ ತಂಪಿಗೆ ಇಟ್ಟರೆ, ಒಳಗಿನ ಗಾಳಿ ಇಬ್ಬನಿಯ ಬಿಂದುವಿಗಿಂತ ಕೆಳಗಿಳಿದು ಹನಿಗಳು ಕಟ್ಟುತ್ತವೆ. ಎಲೆಯ ಮೈಮೇಲೆ ನಿಂತ ಹನಿ ಎಲೆಗೆ ಉಪಕಾರಿಯಲ್ಲ. ಅದು ಸೂಕ್ಷ್ಮಜೀವಿಗಳ ಕೊಳ. ತೊಳೆದ ಸೊಪ್ಪನ್ನು ನೀರಾರಿಸದೆ ಇಟ್ಟರೆ ಲೋಳೆಯಾಗುವುದು ಇದರಿಂದಲೇ.

ಎರಡನೆಯದಾಗಿ, ಉಷ್ಣವಲಯದ ಸಸ್ಯಗಳಿಗೆ ಶೀತ ಒಗ್ಗುವುದಿಲ್ಲ. ಸೌತೆ, ಬದನೆ, ಬೆಂಡೆ ಮೊದಲಾದುವನ್ನು 7ರಿಂದ 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇರಿಸಿದರೆ ಮೈಯಲ್ಲಿ ಗುಳಿ ಬಿದ್ದು, ಕಲೆಗಟ್ಟಿ ಬೇಗ ಕೊಳೆಯುತ್ತವೆ. ಟೊಮೇಟೋ ತನ್ನ ಪರಿಮಳವನ್ನು ಕಳೆದುಕೊಳ್ಳುತ್ತದೆ. ಗೆಣಸಿಗೂ ಇದೇ ತೊಂದರೆ. ಆಲೂಗೆಡ್ಡೆಯಲ್ಲಿ ಪಿಷ್ಟವು ಸಕ್ಕರೆಯಾಗಿ ಮಾರ್ಪಟ್ಟು, ಹುರಿದಾಗ ಅತಿಯಾಗಿ ಕಂದುಬಣ್ಣಕ್ಕೆ ತಿರುಗುತ್ತದೆ.

ಮೂರನೆಯದಾಗಿ, ಎಲ್ಲ ತರಕಾರಿಗಳ ಬಯಕೆಯೂ ಒಂದೇ ಅಲ್ಲ. ಈರುಳ್ಳಿಯ ಹೊರಗಣ ಒಣ ಪರೆಗಳೇ ಅದರ ಕವಚ. ಅದಕ್ಕೆ ಬೇಕಾದುದು ಶೇಕಡ 65ರಿಂದ 70ರ ಒಣಹವೆ ಮತ್ತು ಧಾರಾಳವಾದ ಗಾಳಿ. ತೇವ ತಾಗಿದರೆ ಬೇರೊಡೆಯುತ್ತದೆ, ಇಲ್ಲವೇ ಕಪ್ಪು ಬೂಷ್ಟು ಹಿಡಿಯುತ್ತದೆ. ಆಲೂಗೆಡ್ಡೆಗೆ ತೇವ ತುಸು ಹೆಚ್ಚಿರಬೇಕು, ಬೆಳಕು ಮಾತ್ರ ಬೀಳಬಾರದು; ಬೆಳಕು ಬಿದ್ದರೆ ಹಸುರುಗಟ್ಟಿ, ಸೋಲನೀನ್ ಎಂಬ ಕಹಿಯಾದ ವಿಷವಸ್ತು ಹೆಚ್ಚುತ್ತದೆ. ಅಂತಹ ಗೆಡ್ಡೆ ಬೇಯಿಸಿದರೂ ನಿರ್ವಿಷವಾಗುವುದಿಲ್ಲ. ಆದುದರಿಂದ ಈ ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡುವ ನಮ್ಮ ವಾಡಿಕೆ ಒಳ್ಳೆಯದಲ್ಲ. ಹಣ್ಣಾದ ಬಾಳೆ, ಟೊಮೇಟೋಗಳು ಎಥಿಲೀನ್ ಎಂಬ ಅನಿಲವನ್ನು ಹೊರಬಿಡುತ್ತವೆ. ಅದು ನೆರೆಯಲ್ಲಿರುವ ಸೊಪ್ಪನ್ನೂ ಸೌತೆಯನ್ನೂ ಹಳದಿಗೆ ತಿರುಗಿಸುತ್ತದೆ. ಅವುಗಳಿಗೆ ಬೇರೆಯ ಸ್ಥಳವೇ ಲೇಸು.

ವಿದ್ಯುತ್ತಿಲ್ಲದ ತಂಪು

ರೆಫ್ರಿಜರೇಟರ್ ಇಲ್ಲದ ಮನೆಗೂ, ವಿದ್ಯುತ್ತು ಮೇಲಿಂದ ಮೇಲೆ ನಿಲ್ಲುವ ಊರಿಗೂ ಪ್ರಕೃತಿಯೇ ಒಂದು ತಂಪಿನ ಯಂತ್ರವನ್ನು ಕೊಟ್ಟಿದೆ. ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು 580 ಕ್ಯಾಲೊರಿ ಗುಪ್ತೋಷ್ಣ ಬೇಕು. ಅದನ್ನು ಅದು ತನ್ನ ಸುತ್ತಮುತ್ತಿನಿಂದಲೇ ಕಸಿದುಕೊಳ್ಳುತ್ತದೆ. ಈ ಉಷ್ಣವನ್ನು ತೆಗೆದರೆ 58 ಗ್ರಾಂ ನೀರು 10 ಡಿಗ್ರಿಯಷ್ಟು ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗಿರುವ ಗುಟ್ಟು ಇದೇ.

ಇದೇ ತತ್ತ್ವದ ಮೇಲೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1980ರ ದಶಕದಲ್ಲಿ ವಿದ್ಯುತ್ತಿಲ್ಲದ ತಂಪುಕೋಣೆಯೊಂದನ್ನು ರೂಪಿಸಿದರು. ಇಟ್ಟಿಗೆಯ ಎರಡು ಗೋಡೆಗಳು; ಅವುಗಳ ನಡುವೆ ಸುಮಾರು 7.5 ಸೆಂಟಿಮೀಟರ್ ಮರಳು. ಬೆಳಿಗ್ಗೆ ಸಂಜೆ ಆ ಮರಳಿಗೆ ನೀರು. ಮೇಲೆ ಗೋಣಿತಾಟಿನ ಅಥವಾ ಹುಲ್ಲಿನ ಮುಚ್ಚಳ. ಇಷ್ಟೇ ಅದರ ಯಂತ್ರಸಾಮಗ್ರಿ. ಆಫ್ರಿಕದ ನೈಜೀರಿಯದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಅಧ್ಯಾಪಕರು 1990ರ ದಶಕದಲ್ಲಿ ಒಂದು ಮಡಕೆಯೊಳಗೆ ಮತ್ತೊಂದು ಮಡಕೆಯನ್ನಿಟ್ಟು, ನಡುವೆ ಒದ್ದೆ ಮರಳು ತುಂಬಿ, ಬಡ ರೈತರಿಗೆ ಹಂಚಿದರು. ಮೂರು ದಿನ ಬಾಳುತ್ತಿದ್ದ ಬದನೆ ಅದರಲ್ಲಿ 27 ದಿನ ಉಳಿದುದಾಗಿ ವರದಿಯಾಯಿತು. ಈ ಕಾರ್ಯಕ್ಕಾಗಿ 2000ದಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ದೊರೆಯಿತು. ಇಂತಹ ಸಾಧನವನ್ನು ಯಾವ ವಿದ್ಯಾರ್ಥಿಯಾದರೂ ಕುಂಬಾರನ ಎರಡು ಮಡಕೆಗಳಿಂದ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಮೆರುಗು ಹಚ್ಚದ ಮಡಕೆ, ನೆರಳು, ಗಾಳಿ ಇವು ಮೂರೂ ಇರಬೇಕು ಎಂಬುದಷ್ಟೇ ನಿಬಂಧನೆ.

ಆದರೆ ಈ ಸಾಧನ ಎಲ್ಲ ಊರುಗಳಲ್ಲಿಯೂ ಸಮನಾಗಿ ಕೆಲಸಮಾಡುವುದೆಂದು ತಿಳಿಯಬಾರದು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವು ತೋರಿಸುವ ಉಷ್ಣತೆಗಿಂತ ಕೆಳಗೆ ಅದು ಇಳಿಯಲಾರದು. ಕಲಬುರಗಿಯ ಕಡೆ ಬೇಸಗೆಯ ಒಂದು ಮಧ್ಯಾಹ್ನ 40 ಡಿಗ್ರಿ ಉಷ್ಣತೆಯೂ ಶೇಕಡ 20 ಆರ್ದ್ರತೆಯೂ ಇದ್ದರೆ ಒದ್ದೆ ಉಷ್ಣಮಾಪಕ ಸುಮಾರು 23 ಡಿಗ್ರಿಗೆ ಇಳಿಯುತ್ತದೆ. ಲಾಭ 17 ಡಿಗ್ರಿ. ಮಂಗಳೂರಿನಲ್ಲಿ 32 ಡಿಗ್ರಿ ಉಷ್ಣತೆ, ಶೇಕಡ 80 ಆರ್ದ್ರತೆಯಿರುವ ದಿನ ಅದು ಇಳಿಯುವುದು 29ರವರೆಗೆ ಮಾತ್ರ. ಲಾಭ 3 ಡಿಗ್ರಿ. ಬಯಲುಸೀಮೆಯ ಮಡಕೆ ಕರಾವಳಿಯಲ್ಲಿ ಸೋಲುತ್ತದೆ. ಸೋಲಿಗೆ ಮಡಕೆ ಕಾರಣವಲ್ಲ, ಗಾಳಿ ಕಾರಣ.

ಗಾಳಿಯ ಈ ಭೇದವೇ ಎರಡನೆಯ ಮಾರ್ಗದ ಬಾಗಿಲಿಗೆ ನಮ್ಮನ್ನು ಕರೆತರುತ್ತದೆ.

ದಕ್ಕುವ ನೀರು, ದಕ್ಕದ ನೀರು

ಬ್ಯಾಕ್ಟೀರಿಯ, ಬೂಷ್ಟು, ಯೀಸ್ಟುಗಳಿಗೂ ಬದುಕಲು ನೀರು ಬೇಕು. ಆದರೆ ಒಂದು ಪದಾರ್ಥದಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು ಮುಖ್ಯವಲ್ಲ. ಅದರಲ್ಲಿ ಎಷ್ಟು ಸ್ವತಂತ್ರವಾಗಿದೆ ಎಂಬುದು ಮುಖ್ಯ. ಇದನ್ನು ಅಳೆಯುವ ಬಗೆ ಸುಲಭ. ಪದಾರ್ಥವನ್ನು ಮುಚ್ಚಿದ ಪಾತ್ರೆಯಲ್ಲಿಟ್ಟರೆ ಅದರ ಮೇಲಣ ಗಾಳಿಯ ಸಾಪೇಕ್ಷ ಆರ್ದ್ರತೆ ಕೊನೆಗೆ ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ಶುದ್ಧ ನೀರಿನ ಮೇಲೆ ಅದು ಶೇಕಡ 100. ತಾಜಾ ತರಕಾರಿಯ ಮೇಲೆ 97ಕ್ಕೂ ಹೆಚ್ಚು. ಶೇಕಡಕ್ಕೆ ಬದಲಾಗಿ ದಶಮಾಂಶದಲ್ಲಿ ಹೇಳಿದಾಗ ಈ ಸಂಖ್ಯೆಗೆ 'ಜಲಪಟುತ್ವ' ಎನ್ನಬಹುದು. ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಇದೇ ನಿಜವಾದ ಎಲ್ಲೆ ಎಂಬುದನ್ನು ಆಸ್ಟ್ರೇಲಿಯದ ಡಬ್ಲ್ಯೂ. ಜೆ. ಸ್ಕಾಟ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿಕೊಟ್ಟರು. ಕೊಳೆಯಿಸುವ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಬಹುತೇಕ ಯೀಸ್ಟುಗಳು 0.88ಕ್ಕಿಂತ ಕೆಳಗೂ, ಸಾಮಾನ್ಯ ಬೂಷ್ಟುಗಳು 0.80ಕ್ಕಿಂತ ಕೆಳಗೂ ಬೆಳೆಯಲಾರವು. 0.60ಕ್ಕಿಂತ ಕೆಳಗೆ ಯಾವ ಸೂಕ್ಷ್ಮಜೀವಿಯೂ ವೃದ್ಧಿಯಾಗುವುದಿಲ್ಲ.

ಈ ಎಲ್ಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಡಿಗೆಮನೆಯತ್ತ ನೋಡಿದರೆ ಅನೇಕ ವಿಷಯಗಳು ತಾವಾಗಿಯೇ ತಿಳಿಯಾಗುತ್ತವೆ. ಕರಗಿ ಕರಗಿ ಇನ್ನು ಕರಗದೆಂಬಷ್ಟು ಉಪ್ಪು ಬೆರೆತ ನೀರಿನ ಮೇಲೆ ಗಾಳಿಯ ಆರ್ದ್ರತೆ ಶೇಕಡ 75ರಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೊರಗಿನ ಗಾಳಿಯ ಆರ್ದ್ರತೆ 75ನ್ನು ದಾಟಿದೊಡನೆ ಉಪ್ಪಿನ ಮರಿಗೆಯಲ್ಲಿ ಉಪ್ಪು ನೀರೊಡೆಯುತ್ತದೆ. ಇದು ನಾವೆಲ್ಲರೂ ಕಂಡದ್ದೇ. ಹಾಗೆಯೇ ಒಣಗಿಸಿದ ತರಕಾರಿಯೂ ತನ್ನ ಸುತ್ತಣ ಗಾಳಿಯೊಡನೆ ಸಮಸ್ಥಿತಿಗೆ ಬರಲು ಯತ್ನಿಸುತ್ತದೆ. ಗಾಳಿಯಲ್ಲಿ ಶೇಕಡ 85 ಆರ್ದ್ರತೆ ಇದ್ದರೆ, ತೆರೆದಿಟ್ಟ ಸಂಡಿಗೆಯ ಜಲಪಟುತ್ವವೂ ಮೆಲ್ಲನೆ 0.85ರತ್ತ ಏರಿ ಬೂಷ್ಟಿಗೆ ಆಹ್ವಾನ ಹೋಗುತ್ತದೆ. ಒಣಗಿಸುವುದು ಎಷ್ಟು ಮುಖ್ಯವೋ, ಒಣಗಿದುದನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದೂ ಅಷ್ಟೇ ಮುಖ್ಯ.

ಬಯಲುಸೀಮೆಯ ಬಿಸಿಲು

ಬೇಸಗೆಯಲ್ಲಿ ಒಣಗಾಳಿ ಬೀಸುವ ಒಳನಾಡಿನಲ್ಲಿ ಬಿಸಿಲೇ ಉಗ್ರಾಣದ ಒಡೆಯ. ಗೋರಿಕಾಯಿ, ಹಾಗಲಕಾಯಿ, ಬೆಂಡೆ, ಮೆಣಸಿನಕಾಯಿ ಎಲ್ಲವೂ ಅಲ್ಲಿ ಬಾಳಕವಾಗುತ್ತವೆ. ಮೆಣಸಿನಕಾಯಿಯನ್ನು ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಿ, ಹೀಗೆ ಕೆಲವು ದಿನ ಮಾಡುವ ಕ್ರಮದಲ್ಲಿ ಮೂರು ಬೀಗಗಳಿವೆ: ಹುಳಿ ಒಂದು, ಉಪ್ಪು ಮತ್ತೊಂದು, ಒಣಗು ಮೂರನೆಯದು. ಒಂದು ಬೀಗ ಸಡಿಲವಾದರೂ ಉಳಿದೆರಡು ಕಾಯುತ್ತವೆ.

ಒಣಗಿಸುವಾಗ ಗಮನಿಸಬೇಕಾದ ನಿಯಮವೊಂದಿದೆ. ಹೋಳಿನ ಒಳಗಿನ ನೀರು ಹೊರಮೈಗೆ ಬರುವುದು ವಿಸರಣದಿಂದ. ಅದಕ್ಕೆ ತಗಲುವ ಕಾಲವು ಸ್ಥೂಲವಾಗಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಹೋಳಿನ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಕಾಲ ನಾಲ್ಕನೆಯ ಒಂದು ಪಾಲಾಗುತ್ತದೆ. ಬೂಷ್ಟು ಹಿಡಿಯುವ ಮೊದಲು ಒಣಗಿಸುವುದೇ ಪಂದ್ಯವಾದುದರಿಂದ ತೆಳುವಾಗಿಯೂ ಸಮನಾಗಿಯೂ ಹೆಚ್ಚುವುದು ಅಂದಕ್ಕಾಗಿ ಮಾತ್ರವಲ್ಲ. ಅನೇಕ ತರಕಾರಿಗಳನ್ನು ಒಣಗಿಸುವ ಮೊದಲು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುತ್ತಾರೆ. ಇದರಿಂದ ಬಣ್ಣ, ರುಚಿಗಳನ್ನು ಕೆಡಿಸುವ ಕಿಣ್ವಗಳು ನಿಷ್ಕ್ರಿಯವಾಗುತ್ತವೆ. ಸೊಪ್ಪನ್ನು ಮಾತ್ರ ನೆರಳಿನಲ್ಲಿ ಒಣಗಿಸುವುದು ಮೇಲು. ನೇರವಾದ ಬಿಸಿಲು ಅದರ ಕ್ಯಾರೊಟೀನನ್ನು ಹಾಳುಮಾಡುತ್ತದೆ.

ಕರಾವಳಿಯ ಉಪ್ಪು

ಆಷಾಢದ ಕರಾವಳಿಯಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲ. ಅಲ್ಲಿಯ ಗೃಹಿಣಿಯರು ನೀರನ್ನು ಹೊರಗೆ ಅಟ್ಟಲಾರದೆ ಒಳಗೆಯೇ ಕಟ್ಟಿಹಾಕಿದರು. ಭರಣಿಗಳಲ್ಲಿ ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿದರು. ಇಡೀ ಮಾವಿನಕಾಯಿಗಳನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟರು.

ಉಪ್ಪು ಇಲ್ಲಿ ಮಾಡುವ ಕೆಲಸಕ್ಕೆ ಅಭಿಸರಣ ಕಾರಣ. ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಉಪ್ಪುನೀರಿದ್ದರೆ ಒಳಗಿನ ನೀರು ಹೊರಕ್ಕೆ ಹರಿಯುತ್ತದೆ. ಶೇಕಡ 3ರ ಉಪ್ಪುನೀರಿನ ಅಭಿಸರಣ ಒತ್ತಡವೇ 20 ವಾಯುಭಾರಗಳನ್ನು ಮೀರುತ್ತದೆ. ತರಕಾರಿಯ ಕೋಶ ಸೊರಗುವಂತೆ ಬ್ಯಾಕ್ಟೀರಿಯದ ಕೋಶವೂ ಸೊರಗುತ್ತದೆ. ಆದರೆ ಎಲ್ಲವೂ ಸಮನಾಗಿ ಅಲ್ಲ. ಶೇಕಡ 2ರಿಂದ 3ರ ಉಪ್ಪಿನಲ್ಲಿ ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಗಳು ಸಹಿಸಿಕೊಂಡು ಬೆಳೆದು, ದ್ರಾವಣವನ್ನು ಹುಳಿಯಾಗಿಸಿ, ಕೊಳೆಯಿಸುವ ಜೀವಿಗಳನ್ನು ಓಡಿಸುತ್ತವೆ. ತರಕಾರಿಯೆಲ್ಲವೂ ಉಪ್ಪುನೀರಿನ ಕೆಳಗೇ ಮುಳುಗಿರಬೇಕು. ಮೇಲೆ ತೇಲಿದ ಹೋಳಿಗೆ ಗಾಳಿ ತಾಗಿ ಬೂಷ್ಟು ಹಿಡಿಯುತ್ತದೆ. ಭಾರಕ್ಕೆ ಕಲ್ಲಿಡುವ ಪದ್ಧತಿ ಬಂದುದು ಅದರಿಂದ.

ಉಪ್ಪಿನಕಾಯಿಯ ಜಾಡಿಗೆ ಒದ್ದೆ ಕೈ ಹಾಕಬಾರದೆಂದು ಅಜ್ಜಿಯರು ಗದರಿಸುವುದುಂಟು. ಇದು ಮಡಿಯ ಮಾತೆಂದು ನಗುವವರೂ ಉಂಟು. ಜಾಡಿಯೊಳಗೆ ಬಿದ್ದ ನಾಲ್ಕು ಹನಿ ನೀರು ಬಿದ್ದೆಡೆಯಲ್ಲಿ ಉಪ್ಪನ್ನೂ ಹುಳಿಯನ್ನೂ ತೆಳುಮಾಡಿ, ಆ ಸ್ಥಳದಲ್ಲಿ ಜಲಪಟುತ್ವವನ್ನು ಬೂಷ್ಟಿನ ಎಲ್ಲೆಗಿಂತ ಮೇಲಕ್ಕೆ ಏರಿಸಬಲ್ಲವು. ಉಪ್ಪನ್ನು ಹುರಿದು ಹಾಕುವುದೂ, ಮಾವಿನಕಾಯಿಯನ್ನು ಒರಸಿ ಒಣಗಿಸಿ ಹೆಚ್ಚುವುದೂ ಇದೇ ಲೆಕ್ಕಾಚಾರ. ಅಜ್ಜಿಯ ಗದರಿಕೆ ಸಾರಾಂಶದಲ್ಲಿ ಭೌತಶಾಸ್ತ್ರವೇ ಆಗಿತ್ತು.

ನೀರನ್ನು ಕಟ್ಟಿಹಾಕುವ ಮತ್ತೊಂದು ಬಗೆ ಅದನ್ನು ಹಿಮಗಟ್ಟಿಸುವುದು. ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಬಟಾಣಿಯಂತಹ ತರಕಾರಿಗಳು ತಿಂಗಳುಗಟ್ಟಲೆ ಉಳಿಯುತ್ತವೆ. ನೀರು ಹಿಮವಾದಾಗ ಗಾತ್ರದಲ್ಲಿ ಶೇಕಡ 9ರಷ್ಟು ಹಿಗ್ಗುತ್ತದೆ. ಮೆಲ್ಲನೆ ಹಿಮಗಟ್ಟಿದರೆ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳನ್ನು ಇರಿಯುತ್ತವೆ. ಸೌತೆಯನ್ನು ಹಿಮಗಟ್ಟಿಸಿ ಕರಗಿಸಿದರೆ ಮುದ್ದೆಯಾಗುವುದು ಹೀಗೆ. ಆದುದರಿಂದ ತರಕಾರಿಯನ್ನು ತೆಳುವಾಗಿ ಹರಡಿ ಬೇಗನೆ ಹಿಮಗಟ್ಟಿಸಬೇಕು.

ಕಣ್ಣಿಗೆ ಕಾಣದ ಅಪಾಯ

ಇದುವರೆಗೆ ಹೇಳಿದ ತಪ್ಪುಗಳಿಂದ ಆಗುವುದು ಹೆಚ್ಚಾಗಿ ಹಣದ ನಷ್ಟ. ಆದರೆ ಒಂದು ತಪ್ಪು ಪ್ರಾಣಕ್ಕೇ ಎರವಾಗಬಲ್ಲದು.

ಆಹಾರವನ್ನು ಪಾತ್ರೆಯಲ್ಲಿ ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದನು. ಈ ವಿಧಾನಕ್ಕೆ ಸೋಲದ ಒಂದು ಬ್ಯಾಕ್ಟೀರಿಯವಿದೆ. 1895ರಲ್ಲಿ ಬೆಲ್ಜಿಯಂ ದೇಶದ ಹಳ್ಳಿಯೊಂದರಲ್ಲಿ ಉಪ್ಪು ಹಾಕಿಟ್ಟ ಮಾಂಸವನ್ನು ತಿಂದವರು ವಿಷಕ್ಕೆ ಗುರಿಯಾದಾಗ, ಎಮಿಲ್ ವಾನ್ ಎರ್ಮೆಂಗೆಮ್ ಅದನ್ನು ಬೇರ್ಪಡಿಸಿ 1897ರಲ್ಲಿ ವಿವರಿಸಿದನು. ಈಗ ಅದರ ಹೆಸರು ಕ್ಲಾಸ್ಟ್ರಿಡಿಯಂ ಬಾಟುಲಿನಮ್. ಮಣ್ಣಿನಲ್ಲಿ ವಾಸಿಸುವ ಇದು ತರಕಾರಿಯ ಮೈಗಂಟಿ ಮನೆಗೆ ಬರುತ್ತದೆ. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಸ್ಥಳದಲ್ಲಿ ಬೆಳೆದು ಅತ್ಯುಗ್ರವಾದ ನರವಿಷವನ್ನು ತಯಾರಿಸುತ್ತದೆ. ಬಣ್ಣ, ವಾಸನೆಗಳಿಂದ ಇದು ಯಾವಾಗಲೂ ಗೊತ್ತಾಗುವುದಿಲ್ಲ.

ಇದರ ಬೀಜಾಣುಗಳು ಕುದಿಯುವ ನೀರಿನಲ್ಲಿ ಗಂಟೆಗಳ ಕಾಲ ಬದುಕಬಲ್ಲವು; ಇವನ್ನು ಕೊಲ್ಲಲು 121 ಡಿಗ್ರಿಯಷ್ಟು ಉಷ್ಣತೆ ಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯಲ್ಲಿ. ಹುರುಳಿಕಾಯಿ, ಬಟಾಣಿಗಳನ್ನು ಮನೆಯಲ್ಲಿ ಕುದಿಸಿ ಸೀಸೆಗಳಲ್ಲಿ ಭದ್ರವಾಗಿ ಮುಚ್ಚಿಡುವುದು ಬ್ಯಾಕ್ಟೀರಿಯಕ್ಕೆ ಗಾಳಿಯಿಲ್ಲದ ಮನೆಯನ್ನು ಕಟ್ಟಿಕೊಟ್ಟಂತೆ. ಪ್ರೆಷರ್ ಕುಕ್ಕರಿನಲ್ಲಿ ಉಷ್ಣತೆ 120 ಡಿಗ್ರಿಯ ಬಳಿಗೆ ಏರುವುದು ನಿಜ. ಆದರೆ ಸೀಸೆಯ ನಡುಭಾಗಕ್ಕೆ ಆ ಶಾಖ ತಲಪಲು ಬೇಕಾದ ಕಾಲವು ಸೀಸೆಯ ಗಾತ್ರ, ತರಕಾರಿಯ ಬಗೆಗಳನ್ನು ಅವಲಂಬಿಸಿದೆ. ಪರೀಕ್ಷಿಸಿ ನಿರ್ಧರಿಸಿದ ಸಾಧನ, ಕಾಲಮಾನಗಳಿಲ್ಲದೆ ಇದಕ್ಕೆ ಕೈಹಾಕಲಾಗದು. ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಬರಿಯ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಇದೇ ಕಾರಣದಿಂದ ಅಪಾಯಕರ.

ನಮ್ಮ ಮಾವಿನ, ನಿಂಬೆಯ ಉಪ್ಪಿನಕಾಯಿಗಳಿಗೆ ಈ ಭಯವಿಲ್ಲ. ಪಿಎಚ್ ಮಾನ 4.6ಕ್ಕಿಂತ ಕಡಿಮೆಯಿರುವ ಹುಳಿಯಲ್ಲಿಯೂ, ಶೇಕಡ 10ರಷ್ಟು ಉಪ್ಪಿರುವ ನೀರಿನಲ್ಲಿಯೂ ಈ ಬ್ಯಾಕ್ಟೀರಿಯ ಬೆಳೆಯದು. ಹುಳಿಯನ್ನೂ ಉಪ್ಪನ್ನೂ ಆರೋಗ್ಯದ ನೆಪದಿಂದ ಬೇಕಾದಂತೆ ತಗ್ಗಿಸಿ, ಹಳೆಯ ಉಪ್ಪಿನಕಾಯಿಯಂತೆಯೇ ಹೊರಗಿಟ್ಟು ಬಾಳಿಸಲು ಹೋಗಬಾರದು. ಉಪ್ಪು ಕಡಿಮೆ ಬೇಕೆಂದವರು ಸ್ವಲ್ಪವೇ ತಯಾರಿಸಿ, ತಂಪಿನಲ್ಲಿಟ್ಟು, ಬೇಗ ಮುಗಿಸುವುದು ವಿವೇಕ.

ವಿದ್ಯಾರ್ಥಿಗಳಿಗೆ ಮೂರು ಪ್ರಯೋಗಗಳು

ಒಂದು: ಒಂದೇ ತೂಕದ ಎರಡು ಕಂತೆ ಕೊತ್ತಂಬರಿ ಸೊಪ್ಪನ್ನು ತೆಗೆದುಕೊಂಡು, ಒಂದನ್ನು ಮೇಜಿನ ಮೇಲೆ, ಮತ್ತೊಂದನ್ನು ತೂತುಳ್ಳ ಚೀಲದಲ್ಲಿಟ್ಟು ಮೂರು ಗಂಟೆಗೊಮ್ಮೆ ತೂಗಿರಿ. ತೂಕದ ನಷ್ಟವನ್ನು ಕಾಲದೊಡನೆ ನಕ್ಷೆಯಲ್ಲಿ ಬರೆದು, ಎಷ್ಟು ಶೇಕಡಕ್ಕೆ ಸೊಪ್ಪು ಬಾಡಿದಂತೆ ಕಂಡಿತೆಂದು ಗುರುತಿಸಿರಿ.

ಎರಡು: ಎರಡು ಉಷ್ಣಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಬೀಸಿರಿ. ಅಂತರವು 10 ಡಿಗ್ರಿಯಷ್ಟಿದ್ದರೆ ನಿಮ್ಮ ಊರಿಗೆ ಮಡಕೆಯ ತಂಪು ಒಪ್ಪುತ್ತದೆ; 3 ಡಿಗ್ರಿಯಾದರೆ ಬೇರೆ ಉಪಾಯ ಹುಡುಕಬೇಕು.

ಮೂರು: ಸಮನಾದ ಎರಡು ಆಲೂಗೆಡ್ಡೆಯ ಹೋಳುಗಳಲ್ಲಿ ಒಂದನ್ನು ಬರಿಯ ನೀರಿನಲ್ಲಿ, ಇನ್ನೊಂದನ್ನು ಉಪ್ಪುನೀರಿನಲ್ಲಿ ಮೂರು ಗಂಟೆ ಇಡಿರಿ. ಒಂದು ಬಿಗಿಯಾಗಿರುತ್ತದೆ, ಮತ್ತೊಂದು ಬಳುಕುತ್ತದೆ. ಎರಡನ್ನೂ ತೂಗಿ ನೋಡಿದರೆ ಅಭಿಸರಣದ ಪಾಠವನ್ನು ಮತ್ತೆ ಓದಬೇಕಾಗಿಲ್ಲ.

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾದಂದಿನಿಂದ ಆಹಾರ ಸಂರಕ್ಷಣೆಯ ಸಂಶೋಧನೆ ನಮ್ಮ ನಾಡಿನಲ್ಲಿಯೇ ನಡೆದುಬಂದಿದೆ. ಆದರೆ ಪ್ರಯೋಗಶಾಲೆಯ ಜ್ಞಾನ ಸಾರ್ಥಕವಾಗುವುದು ಅಡಿಗೆಮನೆಗೆ ಇಳಿದಾಗ. ಬಾಡಿದ ಒಂದು ಕಂತೆ ಸೊಪ್ಪನ್ನು ತಿಪ್ಪೆಗೆ ಎಸೆದಾಗ ಅದರೊಡನೆ ರೈತನ ಬಾವಿಯ ನೀರೂ, ಗೊಬ್ಬರವೂ, ಹಲವರ ದುಡಿಮೆಯೂ ಹೋಗುತ್ತವೆ. ಆದಾಯ ಕಡಿಮೆಯಿರುವ ಮನೆಯಲ್ಲಿ ಮಕ್ಕಳ ಪಾಲಿನ ಜೀವಸತ್ತ್ವವೂ ಹೋಗುತ್ತದೆ. ಮನೆಗೆ ಬಂದ ಪ್ರತಿಯೊಂದು ತರಕಾರಿಯ ಮುಂದೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಇದರ ನೀರನ್ನು ಉಳಿಸುವುದೋ, ತೆಗೆಯುವುದೋ? ಉತ್ತರವನ್ನು ಮೊದಲ ದಿನವೇ ನಿರ್ಧರಿಸಬೇಕು. ಅನಿಶ್ಚಯದಲ್ಲಿ ಕಳೆದ ಎರಡು ದಿನಗಳಲ್ಲಿ ಆ ನಿರ್ಧಾರವನ್ನು ಸೂಕ್ಷ್ಮಜೀವಿಗಳೇ ಕೈಗೊಂಡುಬಿಡುತ್ತವೆ.